ಸಾಹೇಬರು ಎದ್ದು ನಿಂತದ್ದು

ಹಾಲಗೊಪ್ಪದಲ್ಲಿ ಮಾತಿಗೂ ಜಾತಿಯಿದೆ. ಮೇಲೋಣಿಯ ಬಾಯಲ್ಲಿ ಹುಟ್ಟುತ್ತದೆ, ಮಾದರ ಓಣಿಯ ಬಾಯಲ್ಲಿ ಊರು ಸುತ್ತುತ್ತದೆ. ಹುಟ್ಟಿಸಿದವರು ಕಟ್ಟೆಯ ಮೇಲೆ ಕುಳಿತಿರುತ್ತಾರೆ. ಸುತ್ತುವವರ ಕಾಲು ಸುಡುತ್ತದೆ.

ಎಲ್ಲರ ಕೈಗೂ ಮೊಬೈಲು ಬಂದ ಮೇಲೂ ಆ ಊರು ಡಂಗುರವನ್ನು ಬಿಟ್ಟಿರಲಿಲ್ಲ. ಗೋಡೆಗೆ ಅಂಟಿಸಿದ ನೋಟೀಸನ್ನು ಆಡು ತಿನ್ನುತ್ತದೆ. ಮೊಬೈಲಿನಲ್ಲಿ ಬಂದದ್ದನ್ನು ಹತ್ತು ಮಂದಿ ಹತ್ತು ನಮೂನೆ ಹೇಳುತ್ತಾರೆ. ಹಲಗೆ ಬಡಿದು ಸಾರಿದ್ದು ಮಾತ್ರ ಖರೆ. ಮುಂಡರಗಿಯ ತಾಲೂಕು ಆಫೀಸಿನಿಂದ ಮೊಹರು ಒತ್ತಿದ ಕಾಗದ ಬಂದರೂ, "ಹಲಗಿ ಆಗೇತೇನು?" ಎಂದು ಕೇಳಿಯೇ ನಂಬುವ ಮಂದಿ ಅವರು. ಶಿವನ ಮಾತಾದರೂ ಆ ಊರಿನಲ್ಲಿ ಮಾದರ ಹಲಗೆಯ ಹಿಂದೆಯೇ ಬರಬೇಕು.

ಮರಿಯವ್ವನ ಗಂಡ ದುರಗಪ್ಪ ಇರುವ ತನಕ ಹಲಗೆ ಅವನ ಹೆಗಲಲ್ಲಿತ್ತು. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಜ್ವರ ಬಂದು ಅವನು ಹೋದ. ಮಾದರ ಓಣಿಯ ಗಂಡಸರು ಹಲಗೆ ಮುಟ್ಟಲು ಒಲ್ಲೆವೆಂದರು. "ಈ ಚಾಕರಿ ನಮ್ಮಪ್ಪಗ ಮುಗೀತು" ಎಂದು ಗದಗಿನ ಹಮಾಲಿಗೆ ಹೋದರು. ಆಗ ಮರಿಯವ್ವ ಗೂಟದಲ್ಲಿ ತೂಗುತ್ತಿದ್ದ ಹಲಗೆಯನ್ನು ಇಳಿಸಿಕೊಂಡಳು. ಹೆಂಗಸು ಹಲಗೆ ಬಡಿಯಬಹುದೇ ಎಂದು ಮೇಲೋಣಿ ಕೆಲವು ದಿನ ಮಾತಾಡಿತು. ಬೇರೆ ಯಾರೂ ಸಿಗಲಿಲ್ಲ. ಬಡಿಯಬಹುದು ಎಂದಾಯಿತು.

ಒಣಹುಲ್ಲು ಹೊತ್ತಿಸಿ ಚರ್ಮ ಕಾಯಿಸಬೇಕು. ಕಾಯದ ಹಲಗೆ ನುಡಿಯುವುದಿಲ್ಲ. ಪಟ್ಟಿಯನ್ನು ಎಡ ಹೆಗಲಿಗೆ ಹಾಕಿ, ಹೊಟ್ಟೆಗೆ ಒತ್ತಿಕೊಂಡು, ನಡೆಯುತ್ತಲೇ ಬಡಿಯಬೇಕು. ಮೂಲೆ ಬಂದಲ್ಲಿ ನಿಂತು ಕೂಗಬೇಕು. ಊರು ಮುಗಿಯುವ ಹೊತ್ತಿಗೆ ಹೆಗಲು ಸುಲಿಯುತ್ತಿತ್ತು, ಗಂಟಲಲ್ಲಿ ರಕ್ತದ ರುಚಿ ಬರುತ್ತಿತ್ತು, ಅಂಗೈ ಮರಗಟ್ಟುತ್ತಿತ್ತು. ವರ್ಷ ತುಂಬುವುದರೊಳಗೆ ಆ ಜೋಮು ಅಂಗೈಯಿಂದ ಮೇಲೇರಿ ಒಳಗೆಲ್ಲೋ ಹೋಗಿ ಕುಳಿತುಬಿಟ್ಟಿತ್ತು. ಗಂಡ ಸತ್ತಾಗ ತಾನು ಅತ್ತೆನೋ ಇಲ್ಲವೋ ಎಂಬುದು ಅವಳಿಗೇ ನೆನಪಿರಲಿಲ್ಲ.

ಸುಗ್ಗಿ ಮುಗಿದ ಮೇಲೆ ಒಂದು ಮುಂಜಾನೆ ನಂದೀಶ ಬಂದ. ಅವನು ಸಾಹೇಬರ ಮನುಷ್ಯ. ಸಾಹೇಬರೆಂದರೆ ಆ ಕ್ಷೇತ್ರದ ಶಾಸಕರು. ಅವರು ಯಾರಿಗೆ ಹಾರ ಹಾಕಿದರು, ಯಾರ ಮನೆಯ ಕೂಸನ್ನು ಎತ್ತಿಕೊಂಡರು, ಯಾವ ಗಟಾರಕ್ಕೆ ಪೂಜೆ ಮಾಡಿದರು ಎಂಬುದನ್ನೆಲ್ಲ ವಿಡಿಯೊ ಹಿಡಿದು ಜನಕ್ಕೆ ಮುಟ್ಟಿಸುವುದು ನಂದೀಶನ ಕೆಲಸ.

"ಮರಿಯವ್ವಾ, ಹಲಗಿ ಕಾಸು. ಸಾಹೇಬ್ರ ಮಾತು ಊರಿಗೆ ಮುಟ್ಟಬೇಕು."

"ಏನಂತ ಸಾರ್ಲಿರಿ?"

"ಮಸಣದ ಮಾತು."

ಅದು ಓಣಿಯವರ ಮಸಣ. ಕಪ್ಪತಗುಡ್ಡದ ಬುಡದಲ್ಲಿ, ಜಾಲಿಕಂಟಿಗಳ ನಡುವೆ. ಅಜ್ಜ ಮುತ್ತಜ್ಜರ ಕಾಲದಿಂದ ಮಾದರ ಹೆಣಗಳಿಗೆ ಅಲ್ಲೇ ಮಣ್ಣು. ಆದರೆ ಸರಕಾರದ ಕಾಗದದಲ್ಲಿ ಅದು ಮಸಣವಲ್ಲ, ಖಾಲಿ ಜಾಗ. ಮೇಲೋಣಿಯವರ ರುದ್ರಭೂಮಿ ಕಾಗದದಲ್ಲಿತ್ತು. ಅದಕ್ಕೆ ತಗಡಿನ ಚಪ್ಪರ, ನಳ, ಕಬ್ಬಿಣದ ಗೇಟು. ಈಗ ಬೆಂಗಳೂರಿನಲ್ಲಿ ಹೊಸ ಕಾಯ್ದೆಯಾಗಿತ್ತು. ಕಾಗದದಲ್ಲಿ ಖಾಲಿ ಇರುವ ಜಾಗವನ್ನು ಗಾಳಿಯಂತ್ರದ ಕಂಪನಿಗೆ ಕೊಡಬಹುದು ಎಂದು. ತಕರಾರಿದ್ದವರು ಮುಂಡರಗಿಗೆ ಬಂದು ಹೇಳಬೇಕೆಂದು ದಿನ ಗೊತ್ತುಮಾಡಿದ್ದರು. ಓಣಿಯವರು ಹೋಗಲು ಟಂಟಂ ಗಾಡಿ ಮಾತಾಡಿ ಇಟ್ಟಿದ್ದರು. ಆ ದಿನ ನಾಳೆಯೇ ಇತ್ತು.

ನಂದೀಶ ಮಾತನ್ನು ಬಾಯಿಪಾಠ ಮಾಡಿಸಿದ. "ಸದನದಾಗ ಸಾಹೇಬ್ರು ಈ ಕಾಯ್ದೆಕ್ಕ ಇಲ್ಲ ಅಂದಾರ. ನಮ್ಮೂರ ಮಸಣಕ್ಕ ಯಾರೂ ಕೈ ಹಚ್ಚಂಗಿಲ್ಲ. ಯಾರೂ ಮುಂಡರಗಿಗೆ ಹೋಗೂ ಜರೂರಿಲ್ಲ. ತಿಳೀತಿಲ್ಲ?"

"ಖರೇನ್ರಿ ಇದು?"

"ಲೇ, ಸಾಹೇಬ್ರು ವಿಧಾನಸೌಧದ ಮೆಟ್ಟಲ ಮ್ಯಾಲ ನಿಂತು ಹೇಳ್ಯಾರ. ನೋಡಿಲ್ಲಿ." ಮೊಬೈಲು ಹಿಡಿದು ತೋರಿಸಿದ. ಬಿಳಿ ಅಂಗಿಯ ಸಾಹೇಬರು ಬಿಳಿ ಮೆಟ್ಟಿಲ ಮೇಲೆ ನಿಂತು ಕೈ ಎತ್ತಿ ಮಾತಾಡುತ್ತಿದ್ದರು. "ಬಡವರ ಮಣ್ಣನ್ನು ಮುಟ್ಟಲು ಬಿಡುವುದಿಲ್ಲ" ಎನ್ನುತ್ತಿದ್ದರು.

ಮರಿಯವ್ವ ಹಲಗೆ ಕಾಯಿಸಿದಳು. ಓಣಿ ಓಣಿ ತಿರುಗಿದಳು. "ದೈವ ಕೂಡಿದ ಮಂದಿ ಕೇಳ್ರಪೋ, ಸಾಹೇಬ್ರು ಇಲ್ಲ ಅಂದಾರಪೋ, ಮಸಣ ಉಳೀತಪೋ!" ನಂದೀಶ ಅವಳ ಮುಂದೆ ಹಿಮ್ಮುಖವಾಗಿ ನಡೆಯುತ್ತ ವಿಡಿಯೊ ಹಿಡಿದ.

"ನಿಲ್ಲ ನಿಲ್ಲ. ಇನ್ನೊಮ್ಮೆ ಕೂಗು. ಸೆರಗ ಮುಂದ ತಗೋ, ಕುಬಸ ಹರದದ್ದು ಕಾಣತೈತಿ. ಸ್ವಲ್ಪ ನಗು. ಗಂಡ ಸತ್ತಾಕಿ ಹಂಗ ಯಾಕ ನಿಂತಿ?"

"ಸತ್ತಾನ್ರಿ," ಎಂದಳು ಮರಿಯವ್ವ.

"ಆತು, ನಗಬ್ಯಾಡ ಬಿಡು. ಕೂಗು."

ಅವಳು ಕೂಗಿದಳು. ಓಣಿಯವರು ಟಂಟಂನವನಿಗೆ ಬರಬೇಡ ಎಂದು ಹೇಳಿ ಕಳಿಸಿದರು. "ಹಲಗಿ ಆತಲ್ಲ, ಇನ್ನೇನು?" ಎಂದರು. ಮರುದಿನ ಎಂದಿನಂತೆ ಶೇಂಗಾ ಬಿಡಿಸುವ ಕೂಲಿಗೆ ಹೋದರು. ಮುಂಡರಗಿಯ ಆಫೀಸಿನ ಬಾಗಿಲಲ್ಲಿ ಹಾಲಗೊಪ್ಪದ ಒಂದು ನರಪಿಳ್ಳೆಯೂ ನಿಲ್ಲಲಿಲ್ಲ.

ಯುಗಾದಿಗೆ ಮುಂಚೆ ಗುಡ್ಡದ ಬುಡಕ್ಕೆ ಹಳದಿ ಯಂತ್ರ ಬಂತು.

ಓಣಿಯವರು ಓಡಿ ಹೋಗುವಷ್ಟರಲ್ಲಿ ಅರ್ಧ ಮಸಣ ಮಗುಚಿತ್ತು. ಕೆಮ್ಮಣ್ಣಿನ ಗುಡ್ಡೆಯೊಳಗೆ ಬಿಳುಪು ಕಾಣುತ್ತಿತ್ತು. ಕಂಪನಿಯ ಇಂಜಿನಿಯರು ಒಳ್ಳೆಯ ಹುಡುಗನಂತಿದ್ದ. ಯಂತ್ರ ನಿಲ್ಲಿಸಿದ. ಟೋಪಿ ತೆಗೆದ. "ಇಲ್ಲಿ ಹೂತಿದ್ದಾರೆ ಅಂತ ಯಾರೂ ಹೇಳಲಿಲ್ಲವಲ್ಲಮ್ಮ. ತಕರಾರಿನ ದಿನ ಒಬ್ಬರೂ ಬರಲಿಲ್ಲ" ಎಂದ.

ಎಲ್ಲರೂ ಮರಿಯವ್ವನನ್ನು ನೋಡಿದರು. ಮುದುಕ ಭರಮಪ್ಪ ಮಾತ್ರ ಬಾಯಿ ಬಿಟ್ಟ. "ನೀ ಸಾರಿದಿ ಅಂತ ನಾವು ಕುಂತಿವಿ, ತಂಗಿ."

ಬೈದಿದ್ದರೆ ಆಗುತ್ತಿತ್ತು. ಅವನು ಬೈಯಲಿಲ್ಲ.

ಮರಿಯವ್ವ ಮಣ್ಣಿನ ಗುಡ್ಡೆಯ ಬಳಿ ಕುಳಿತು ಕೈಯಿಂದ ಕೆದರಿದಳು. ಆಡು ಮೇಯಿಸುತ್ತಿದ್ದ ಗೆಳತಿ ಅಲ್ಮಾಸಬಿ ಆಡುಗಳನ್ನು ಅಲ್ಲೇ ಬಿಟ್ಟು ಬಂದು ಪಕ್ಕದಲ್ಲಿ ಕುಳಿತಳು. ಇಬ್ಬರೂ ಕೂಡಿ ಕೆದರಿದರು. ಉಡದಾರದ ತುಂಡಿನ ಜೊತೆಗೆ ಒಂದು ತಾಮ್ರದ ತಾಯಿತ ಸಿಕ್ಕಿತು. ಶಿರಹಟ್ಟಿ ಅಜ್ಜನ ಮಠದಿಂದ ತಂದು ದುರಗಪ್ಪನಿಗೆ ಜ್ವರ ಬಂದಾಗ ಅವಳೇ ಕಟ್ಟಿದ್ದು. ಅದರ ಸುತ್ತ ಇದ್ದವನ್ನೆಲ್ಲ ಮರಿಯವ್ವ ಪುಳ್ಳೆ ಆರಿಸಿದಂತೆ ಆರಿಸಿದಳು. ಇದು ಕೈ. ಇದು ಪಕ್ಕೆ. ಇದು ಯಾವುದೋ. ಅಲ್ಮಾಸಬಿ ತಲೆಯ ಮೇಲಿನ ದುಪ್ಪಟಿ ತೆಗೆದು ಹಾಸಿದಳು.

"ಅಳಬಾರದೇನ, ಮರಿಯಾ?" ಎಂದಳು ಅಲ್ಮಾಸಬಿ. ತಾನೇ ಅಳುತ್ತಿದ್ದಳು.

"ಬರವಲ್ದು," ಎಂದಳು ಮರಿಯವ್ವ.

ಆ ಎಲುಬಿನ ಗಂಟನ್ನು ಮನೆಯ ಮೂಲೆಯಲ್ಲಿಟ್ಟಳು. ಮಣ್ಣು ಸಿಕ್ಕ ಎಲುಬು ಶಿವನದು, ಮಣ್ಣು ಸಿಗದ ಎಲುಬು ಯಾರದೂ ಅಲ್ಲ ಎನ್ನುತ್ತಾರೆ. ಅದನ್ನು ಮನೆಯಲ್ಲಿಡಬಾರದು. ಎಲ್ಲಿಡಬೇಕು? ಓಣಿಯವರಿಗೆ ಗೇಣು ಹೊಲವೂ ಇರಲಿಲ್ಲ. ಅವಳು ಗಂಟಿನ ಪಕ್ಕದಲ್ಲೇ ಹಿಟ್ಟು ನಾದಿದಳು. ರೊಟ್ಟಿ ಬಡಿದಳು. ತಿಂದಳು. ರುಚಿ ಗೊತ್ತಾಗಲಿಲ್ಲ.

ಮೇಲೋಣಿಯಲ್ಲಿ ಜಯತೀರ್ಥ ಮಾಸ್ತರರ ಮನೆಯ ದನದ ಕೊಟ್ಟಿಗೆ ಬಳಿಯುವುದು ಅವಳ ಕೆಲಸ. ಮಾಸ್ತರರು ಸಾಲೆಯಿಂದ ನಿವೃತ್ತರಾದವರು. ಪೂಜೆ ಮುಗಿಸಿ ಕಟ್ಟೆಯ ಮೇಲೆ ಕುಳಿತರೆ ಮೊಬೈಲೇ ಅವರ ಪ್ರಪಂಚ. ಆ ದಿನ ಸಗಣಿ ಬುಟ್ಟಿ ಹೊತ್ತು ಹೊರಟವಳನ್ನು ಕರೆದರು.

"ಮರಿಯವ್ವಾ, ನೀ ಅವತ್ತ ಸಾರಿದ್ಯಲ್ಲಾ, ಅದು ಹಂಗಾಗಿಲ್ಲ."

"ಹೆಂಗಾಗೇತ್ರಿ?"

"ನಾ ದಿನಾ ಸದನ ನೋಡ್ತೀನಿ. ನಮ್ಮಾಕಿ ಧಾರಾವಾಹಿ ನೋಡ್ತಾಳ, ನಾ ಇದನ್ನ. ಎರಡೂ ಒಂದ."

"ಧಾರಾವಾಹ್ಯಾಗ ಒಮ್ಮೊಮ್ಮೆ ಖರೆ ಇರ್ತದ!" ಒಳಗಿನಿಂದ ಹೆಂಡತಿ ಅಂಬುಬಾಯಿ ಕೂಗಿದರು.

ಮಾಸ್ತರರು ಮೊಬೈಲನ್ನು ಕಟ್ಟೆಯ ತುದಿಯಲ್ಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತರು. ಮರಿಯವ್ವ ಬುಟ್ಟಿ ಇಳಿಸಿದಳು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದಳು. ಮುಟ್ಟದೆ ನೋಡುವುದು ಹೇಗೆಂದು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಮೊಬೈಲಿನಲ್ಲಿ ಸದನದ ದೊಡ್ಡ ಸಭಾಂಗಣ. ಸಾಲು ಸಾಲು ಕುರ್ಚಿ. ಮೊದಲು ಎಲ್ಲರೂ ಒದರಿದರು. ಯಾರು ಏನೆಂದರೋ ತಿಳಿಯಲಿಲ್ಲ. ಆಮೇಲೆ ಎದುರು ಪಕ್ಷದವರು ತಲೆ ಎಣಿಸಿರೆಂದು ಹಟ ಹಿಡಿದರು. "ಈಗ ನೋಡು," ಎಂದರು ಮಾಸ್ತರರು. "ಕಾಯ್ದೆಕ್ಕ ಹೌದು ಅನ್ನವ್ರು ಎದ್ದು ನಿಲ್ಲಬೇಕು. ಸಾಲು ಹಿಡದು ಎಣಸ್ತಾರ."

ಸಾಹೇಬರ ಸಾಲು ಬಂತು. ಸಾಹೇಬರು ಎದ್ದು ನಿಂತರು. ಪಂಚೆ ಸರಿಮಾಡಿಕೊಂಡರು. ಕಿವಿ ತುರಿಸಿಕೊಂಡರು. ಪಕ್ಕದವರು ಏನೋ ಅಂದದ್ದಕ್ಕೆ ನಕ್ಕರು. ಎಣಿಸುವವನು ದಾಟಿ ಹೋದ. ಸಾಹೇಬರು ಕುಳಿತರು.

"ಇಷ್ಟ?" ಎಂದಳು ಮರಿಯವ್ವ.

"ಇಷ್ಟ."

"ಮತ್ತ ಮೆಟ್ಟಲ ಮ್ಯಾಲ ಇಲ್ಲ ಅಂದದ್ದು?"

"ಅದು ಹೊರಗ ಬಂದ ಮ್ಯಾಲಿಂದು. ಒಳಗ ಹೌದು, ಹೊರಗ ಇಲ್ಲ. ಒಳಗಿಂದು ಬರಕೋತಾರ, ಹೊರಗಿಂದು ನಿಮಗ ಕಳಸ್ತಾರ."

ಮರಿಯವ್ವ ಬಗ್ಗಿದ ತಲೆ ಎತ್ತಿದಳು. "ನಾ ಸಾರೂ ಮುಂದ ನಿಮಗಿದು ಗೊತ್ತಿತ್ತೇನ್ರಿ, ಮಾಸ್ತರ್ರ?"

ಮಾಸ್ತರರು ತುಳಸಿಕಟ್ಟೆಯ ಕಡೆ ನೋಡಿದರು. "ಗೊತ್ತಿತ್ತು."

"ನಿಮ್ಮ ಬಾಗಲದಾಗ ನಿಂತು ಕೂಗಿದ್ನೆಲ್ರಿ."

"ನನಗ್ಯಾಕ ಬೇಕು ಅಂತ ಸುಮ್ಮನಾದೆ. ಈಗರ ಹೇಳಬೇಕು ಅನಸ್ತು. ನನ್ನ ಹೆಸರು ಮಾತ್ರ ಎಲ್ಲೂ ಹೇಳಬ್ಯಾಡ."

ಅವಳು ಬುಟ್ಟಿ ಎತ್ತಿ ತಲೆಯ ಮೇಲಿಟ್ಟುಕೊಂಡು ಹೋದಳು. ಹಸಿ ಸಗಣಿಯ ನೀರು ಕೆನ್ನೆಯ ಮೇಲೆ ಇಳಿಯಿತು. ಒರೆಸಿಕೊಳ್ಳಲಿಲ್ಲ.

ಆ ವಾರವೇ ನಂದೀಶ ಮತ್ತೆ ಬಂದ. ಗುರುವಾರ ಸಾಹೇಬರು ಹಾಲಗೊಪ್ಪಕ್ಕೆ ಬರುತ್ತಾರೆ, ಜನಸಂಪರ್ಕ ಸಭೆ, ಜನರ ಅಹವಾಲು ಕೇಳುತ್ತಾರೆ ಎಂದ.

"ಊರ ಅಗಸಿ ಬಾಗಲದಿಂದ ಶಾಮಿಯಾನಾದ ತನಕ ನೀ ಹಲಗಿ ಬಾರಸ್ಕೊಂತ ಮುಂದ ನಡೀಬೇಕು. ಸಾಹೇಬ್ರು ಹಿಂದ. ಭಾರಿ ಚಂದ ಬರ್ತೈತಿ ವಿಡಿಯೊ."

"ಮಸಣ ಕಿತ್ತಾರ್ರಿ."

"ಗೊತ್ತೈತಿ. ಹಳ್ಳದ ಆಚೆ ಬ್ಯಾರೆ ಜಾಗಾ ಕೊಡಸ್ತಾರ. ಅರ್ಜಿ ಹಾಕ್ರಿ."

"ಎಲುಬು ಮನ್ಯಾಗ ಅದಾವ್ರಿ."

ನಂದೀಶ ಒಳಗೆ ಇಣುಕಿ ನೋಡಿ ಹಿಂದೆ ಸರಿದ. "ಸತ್ತಾಂವಗ ಏನ ಅವಸರ ಐತಿ ಮರಿಯವ್ವಾ? ಇದ್ದವರ ಕೆಲಸ ಮದ್ಲು. ಬರ್ತಿಲ್ಲ?"

"ಆತ್ರಿ," ಎಂದಳು.

ಹಾಲಗೊಪ್ಪದಲ್ಲಿ ಹಿಂದಿನಿಂದ ಬಂದ ಪದ್ಧತಿಯೊಂದಿದೆ. ಸಾರಿದ್ದು ಸುಳ್ಳಾದರೆ, ಸಾರಿದವನು ಹಲಗೆಯನ್ನು ಬೆನ್ನಿಗೆ ಕಟ್ಟಿಕೊಳ್ಳಬೇಕು. ಬಡಿಯಬಾರದು. ಬರಿಗಾಲಲ್ಲಿ ಅದೇ ಓಣಿಗಳಲ್ಲಿ ನಡೆದು, ಮೂಲೆ ಮೂಲೆಗೆ ನಿಂತು, "ನನ್ನ ಬಾಯಿ ಸುಳ್ಳಾತ್ರಪೋ" ಎನ್ನಬೇಕು. ಅದಕ್ಕೆ ಬಾಯಿ ತೊಳೆದುಕೊಳ್ಳುವುದು ಎನ್ನುತ್ತಾರೆ. ಮರಿಯವ್ವ ಹೊಸದಾಗಿ ಮದುವೆಯಾಗಿ ಬಂದಾಗ ಮಾವ ಹಾಗೆ ನಡೆದಿದ್ದ. ಕೆರೆಯ ನೀರು ಬಿಡುವ ದಿನವನ್ನು ಆಗಿನ ಗೌಡರು ಹೇಳಿದಂತೆ ಸಾರಿದ್ದ. ಗೌಡರು ತಮ್ಮ ಹೊಲಕ್ಕೆ ಮೊದಲು ಬಿಟ್ಟುಕೊಂಡರು. ಬಾಯಿ ತೊಳೆದುಕೊಂಡವನು ಮಾವ. ಊರ ಮಂದಿ ಅವನ ಮೇಲೆ ಕಸ ಎಸೆದರು. ಗೌಡರು ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಂಡರು. ಮನೆಗೆ ಬಂದ ಮಾವ ಆಮೇಲೆ ಬಹಳ ದಿನ ಯಾರ ಜೊತೆಯೂ ಮಾತಾಡಿರಲಿಲ್ಲ.

ಸಾರಲು ಮಾತು ಕೊಟ್ಟವನು ನಡೆಯುವ ಪದ್ಧತಿ ಆ ಊರಿನಲ್ಲಿ ಇರಲಿಲ್ಲ.

ಗುರುವಾರ ಬಂತು. ಸಾಹೇಬರ ಕಾರು ಅಗಸಿಯಲ್ಲಿ ನಿಂತು ಕಾದಿತು. ಹಲಗೆ ಕೇಳಿಸಲಿಲ್ಲ. ನಂದೀಶ ಬೆವರಿದ. ಕೊನೆಗೆ ಸಾಹೇಬರು ಸದ್ದಿಲ್ಲದೆಯೇ ಬಂದು ಶಾಮಿಯಾನಾದಲ್ಲಿ ಕುಳಿತರು. ಒಂದು ಪಕ್ಕದಲ್ಲಿ ಪಂಚಾಯಿತಿಯ ಅಧ್ಯಕ್ಷರಾದ ದೇವೇಂದ್ರಪ್ಪ ಗೌಡರು. ಮೇಲೋಣಿಯವರಿಗೆ ಕುರ್ಚಿ, ಓಣಿಯವರಿಗೆ ಹಿಂದೆ ನೆಲ. ಜಯತೀರ್ಥ ಮಾಸ್ತರರು ಮೂರನೆಯ ಸಾಲಿನಲ್ಲಿದ್ದರು.

ಮರಿಯವ್ವ ನಡುವಿನ ಹಾದಿಯಲ್ಲಿ ಬಂದಳು. ಬೆನ್ನ ಮೇಲೆ ಹಲಗೆ ಕಟ್ಟಿತ್ತು. ಅದನ್ನು ಕಂಡ ಹಿರಿಯರ ಮಾತು ನಿಂತಿತು. ಅದು ಏನೆಂದು ಅವರಿಗೆ ಗೊತ್ತು. ನಂದೀಶನಿಗೆ ಗೊತ್ತಿರಲಿಲ್ಲ. ಅವನು ಮೊಬೈಲು ಎತ್ತಿ ಹಿಡಿದ.

"ಏನವ್ವಾ ನಿನ್ನ ಸಮಸ್ಯೆ? ಹೇಳು," ಎಂದರು ಸಾಹೇಬರು. ದನಿ ಮೆತ್ತಗಿತ್ತು.

"ಒಂದ ಕೇಳೂದೈತ್ರಿ. ಕಾಯ್ದೆಕ್ಕ ಹೌದು ಅನ್ನವ್ರು ಏಳ್ರಿ ಅಂದಾಗ, ನೀವು ಎದ್ರೋ ಇಲ್ರೋ?"

ಸಾಹೇಬರು ಗೌಡರ ಕಡೆ ನೋಡಿದರು. "ಅದೆಲ್ಲ ಸದನದ ವಿಷಯ ತಾಯಿ. ನಿನಗ ತಿಳಿಯಂಗಿಲ್ಲ."

"ಎದ್ದು ನಿಲ್ಲೂದು ತಿಳೀತೈತ್ರಿ. ಹುಟ್ಟಿದಾಗಿಂದ ನಿಂತ ಇದೀವಿ. ಎದ್ರೋ ಇಲ್ರೋ?"

ಹಿಂದಿನಿಂದ ಯಾರೋ ನಕ್ಕರು. ಗೌಡರು "ಏ ಮರಿಯವ್ವಾ, ನಾಲಿಗಿ ಬಿಗಿ ಹಿಡಿ" ಎಂದರು. ಸಾಹೇಬರು ಕೈ ಎತ್ತಿ ಅವರನ್ನು ತಡೆದರು. ದೊಡ್ಡತನ ತೋರಿಸುವ ಹೊತ್ತು ಅವರಿಗೆ ಗೊತ್ತಿತ್ತು.

"ನೋಡವ್ವಾ, ಪಕ್ಷದ ಅಪ್ಪಣೆ ಅಂತ ಒಂದಿರತೈತಿ. ಏಳು ಅಂದ್ರ ಏಳಬೇಕು. ಇಲ್ಲಂದ್ರ ಹುದ್ದೆ ಹೋಗತೈತಿ. ಮೈ ಎದ್ದು ನಿಂತಿತ್ತು, ಖರೆ. ಆದರ ಮನಸ್ಸು ನಿಮ್ಮ ಕೂಡ ಇತ್ತು."

"ನಮ್ಮ ಮಂದಿದು ಅಲ್ಲಿ ಮೈ ಅಷ್ಟ ಇತ್ರಿ," ಎಂದಳು ಮರಿಯವ್ವ. "ಅದನ್ನ ಕಿತ್ತಾರ."



ಅವಳು ಬೆನ್ನಿನ ಹಲಗೆಯನ್ನು ಬಿಚ್ಚಿದಳು. ವೇದಿಕೆಗೆ ಹೋಗಿ ಸಾಹೇಬರ ಬೂಟಿನ ಮುಂದೆ ಇಟ್ಟಳು. "ನಮ್ಮ ಮಾವ ಒಬ್ಬನ ನಡದಿದ್ದ. ನಾ ಒಬ್ಬಾಕಿ ನಡಿಯಂಗಿಲ್ಲ. ಬಾಯಿ ನಂದು, ಮಾತು ನಿಮ್ಮದು. ಇದನ್ನ ಬೆನ್ನಿಗೆ ಕಟ್ಟಕೋರಿ. ನಾ ಕೂಡ ಬರ್ತೀನಿ. ಓಣಿ ಓಣಿಗೆ ನಿಂತು ಹೇಳೂಣು. ನೀವು ಎದ್ದದ್ದು ನೀವು ಹೇಳ್ರಿ. ನಾ ಸುಳ್ಳು ಸಾರಿದ್ದು ನಾ ಹೇಳತೇನಿ."

ಸತ್ತ ದನದ ಚರ್ಮ ಸಾಹೇಬರ ಬೂಟಿಗೆ ತಾಗಿಕೊಂಡು ಬಿದ್ದಿತ್ತು. ಸಾಹೇಬರು ಕಾಲು ಹಿಂದೆ ಎಳೆದುಕೊಂಡರು. ಅವರು ನಗಲು ನೋಡಿದರು, ಅದು ಅರ್ಧಕ್ಕೇ ನಿಂತಿತು. "ಇಕಿಗೆ ತ್ರಾಸ ಆಗೇತಿ ಪಾಪ. ನೀರು ಕೊಡ್ರಿ ಯಾರರ," ಎಂದರು. ಯಾರೂ ನೀರು ಕೊಡಲಿಲ್ಲ. ಅವಳಿಗೆ ಯಾವ ಲೋಟದಲ್ಲಿ ಕೊಡುವುದೆಂದು ಯಾರಿಗೂ ತಿಳಿಯಲಿಲ್ಲ.

ಮರಿಯವ್ವ ಕಾದಳು. ಸಾಹೇಬರು ಗಡಿಯಾರ ನೋಡಿಕೊಂಡರು, ಎದ್ದರು, ಹಲಗೆಯನ್ನು ಬಳಸಿ ದಾಟಿ ಇಳಿದು ಹೋದರು. ಕಾರಿನ ಬಾಗಿಲು ಹಾಕಿಕೊಂಡಿತು.

"ಹಲಗಿ ತಗೊಂಡ ಹೋಗ ಲೇ," ಎಂದು ನಂದೀಶ ಒದರಿದ.

"ನನಗ ಬ್ಯಾಡ."

ಓಣಿಯವರು ಎದ್ದು ಅವಳ ಹಿಂದೆ ನಡೆದರು. ಆ ಊರಿನಲ್ಲಿ ಬೇರೆ ಯಾರೂ ಹಲಗೆ ಮುಟ್ಟುವುದಿಲ್ಲ. ಶಾಮಿಯಾನಾದವರು ಕುರ್ಚಿ ಒಯ್ದರು, ಬಟ್ಟೆ ಬಿಚ್ಚಿದರು, ಗಳ ಕಿತ್ತರು. ಹಲಗೆ ಅಲ್ಲೇ ಬಯಲಲ್ಲಿ ಬಿದ್ದಿತ್ತು.

ಮರುದಿನ ಬೆಳಗ್ಗೆ ಮರಿಯವ್ವ ಗಂಟನ್ನು ತಲೆಯ ಮೇಲಿಟ್ಟುಕೊಂಡು ಹೊರಬಿದ್ದಳು. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಗದಗಿನಿಂದ ಬಂದಿದ್ದ ಓಣಿಯ ಹಮಾಲರು ಗುದ್ದಲಿ, ಸಲಿಕೆ ಹಿಡಿದು ಹಿಂದೆ ಬಂದರು. ಅಲ್ಮಾಸಬಿ ಕೊಡದಲ್ಲಿ ನೀರು ತಂದಳು. ಭರಮಪ್ಪ ವಿಭೂತಿ ತಂದ. ಇನ್ನೂ ಕೆಲವರ ಕೈಯಲ್ಲಿ ತಮ್ಮ ತಮ್ಮ ಗಂಟುಗಳಿದ್ದವು.

ರುದ್ರಭೂಮಿಯ ಗೇಟಿಗೆ ಬೀಗವಿತ್ತು. ಹಮಾಲರು ಬೀಗ ಮುಟ್ಟಲಿಲ್ಲ. ಮೂಟೆ ಎತ್ತಿದಂತೆ ಇಡೀ ಗೇಟನ್ನೇ ತಿರುಗಣಿಯಿಂದ ಎತ್ತಿ ಪಕ್ಕಕ್ಕೆ ಒರಗಿಸಿದರು. ಬೇವಿನ ನೆರಳಲ್ಲಿ ಅಗೆದರು. ಆ ಮಣ್ಣೂ ಕೆಮ್ಮಣ್ಣೇ. ಗುದ್ದಲಿಗೆ ಭೇದ ಗೊತ್ತಾಗಲಿಲ್ಲ.

ಮೇಲೋಣಿಯವರು ಬಂದು ಹೊರಗೆ ಗುಂಪಾದರು. ದೇವೇಂದ್ರಪ್ಪ ಗೌಡರು ಒಳಗೆ ಬಂದರು. ಯಾರಿಗೋ ಫೋನು ಹಚ್ಚಿ, ಪೊಲೀಸರನ್ನು ಜಲ್ದಿ ಕಳಿಸಿರೆಂದರು.

ಮರಿಯವ್ವ ಗಂಟನ್ನು ಕುಣಿಯೊಳಗೆ ಇಳಿಸಿದಳು. ಭರಮಪ್ಪ ವಿಭೂತಿ ಚೆಲ್ಲಿ ಶಿವ ಶಿವ ಎಂದ. ಅವಳು ಮೂರು ಹಿಡಿ ಮಣ್ಣು ಹಾಕಿದಳು. ಬಗ್ಗಿ, ಮಲಗಿದ ಮಗುವಿಗೆ ಹೇಳುವಂತೆ ಮೆಲ್ಲಗೆ ಹೇಳಿದಳು.

"ಇನ್ನ ಯಾರರ ಬಂದು ಏಳು ಅಂದ್ರ, ಏಳಬ್ಯಾಡ."

ಕುಣಿ ಮುಚ್ಚಿದರು. ಅಲ್ಮಾಸಬಿ ನೀರು ಸುರಿದಳು. ಮರಿಯವ್ವ ಆ ಹಸಿಮಣ್ಣಿನ ಮೇಲೆ ಕುಳಿತಳು.

"ಏಳ ಮರಿಯವ್ವಾ," ಎಂದರು ಗೌಡರು. "ಇದು ನಮ್ಮ ಜಾಗಾ."

ಅವಳು ಅವರ ಕಡೆ ನೋಡಲಿಲ್ಲ.

"ಕಿವಿ ಇಲ್ಲೇನ? ಏಳತೀಯೋ ಇಲ್ಲೋ? ಪೊಲೀಸ್ರು ಬರಾಕ ಹತ್ಯಾರ."

ಮಣ್ಣಿನ ತಂಪು ಸೀರೆಯೊಳಗಿಂದ ಹಾದು ಅವಳ ಮೈಗೆ ತಾಗಿತು. ಬಹಳ ದಿನಗಳ ಮೇಲೆ ಅವಳಿಗೆ ಏನೋ ತಾಗಿತ್ತು. ಅಂಗೈಗಳನ್ನು ಊರಿ ಒತ್ತಿದಳು. ಅಲ್ಲಿಯೂ ತಂಪು ಗೊತ್ತಾಯಿತು.

ಅವಳು ಏಳಲಿಲ್ಲ.